ಮೀನಿಗೆ ಹೊದಿಸಿದ ಗೋಣಿತಾಟು

ಬಿಳಿಕೆರೆಯ ಆಸುಪಾಸಿನಲ್ಲಿ ಮೀನನ್ನು ಸಾರು ಮಾಡುವ ಹೆಂಗಸರು ಬೇಕಾದಷ್ಟು ಮಂದಿ ಇದ್ದಾರೆ. ಮೀನಿಗೆ ಚಳಿಯಾದೀತೆಂದು ಒದ್ದಾಡಿದವಳು ಪವಿತ್ರ ಒಬ್ಬಳೇ. ಊರಿನವರು ಇದನ್ನು ಹೇಳಿಕೊಂಡು ನಗುತ್ತಿದ್ದರು. ನಗಲಿ ಬಿಡಿ, ಹಾಗೆ ನಗುವವರ ಮನೆಯಲ್ಲಿ ಗಂಡ ಮಾತು ಕಳೆದುಕೊಂಡು ಮಂಚ ಹಿಡಿದಿರಲಿಲ್ಲ.

ಪವಿತ್ರಳ ತವರು ಪಿರಿಯಾಪಟ್ಟಣದ ಕಡೆಯದು. ಹುಟ್ಟಿದ ಮನೆಯಲ್ಲೂ ಹೊಗೆಸೊಪ್ಪು, ಕೊಟ್ಟ ಮನೆಯಲ್ಲೂ ಹೊಗೆಸೊಪ್ಪು. ಲಂಗ ಉಡುವ ವಯಸ್ಸಿನಿಂದ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿದ್ದಳು, ಸೊಪ್ಪು ಬೇಯಿಸುವ ಮನೆಯ, ಬ್ಯಾರನ್ನಿನ, ಒಲೆಗೆ ಸೌದೆ ತುರುಕಿದ್ದಳು, ಒಣಗಿದ ಎಲೆಯನ್ನು ಬಣ್ಣ ನೋಡಿ ವಿಂಗಡಿಸಿ ಗೋಣಿತಾಟಿನಲ್ಲಿ ಬೇಲು ಕಟ್ಟಿದ್ದಳು. ಊರಾಚೆಯ ನೆಂಟರು ಜಗುಲಿ ಹತ್ತುವಾಗಲೇ ಮೂಗು ಮುಚ್ಚಿಕೊಂಡು "ಏನ್ ಘಾಟಪ್ಪಾ ನಿಮ್ಮನೆ" ಎಂದರೆ ಅವಳಿಗೆ ಆಶ್ಚರ್ಯವಾಗುತ್ತಿತ್ತು. ಅವಳ ಮೂಗಿಗೆ ಆ ವಾಸನೆ ಹತ್ತುವುದು ಯಾವತ್ತೋ ನಿಂತುಹೋಗಿತ್ತು. ಸೊಪ್ಪಿನ ಧೂಳು ಆ ಮನೆಯ ಹಾಸಿಗೆಯಲ್ಲಿತ್ತು, ಬಾಚಣಿಗೆಯಲ್ಲಿತ್ತು, ಹಬ್ಬದ ಸೀರೆಯ ಮಡಿಕೆಯಲ್ಲೂ ಇತ್ತು. ಅದನ್ನು ಬೇರೆಯ ಒಂದು ವಸ್ತು ಎಂದು ಅವರು ಯಾರೂ ಎಣಿಸುತ್ತಿರಲಿಲ್ಲ.

ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಂದು ಬೆಂಕಿಕಡ್ಡಿ ಗೀರಿದರೆ ಒಲೆಯೂ ಹತ್ತಬೇಕು, ದೇವರ ದೀಪವೂ ಹತ್ತಬೇಕು ಅನ್ನುವವಳು ಅವಳು. ಅವಳ ಗಂಡ ಮಹೇಂದ್ರನದು ಬೇರೆಯೇ ಪಾಕ. ಮಾತು ಕಡಿಮೆ, ಆಡಿದರೆ ಉಳಿದವರಿಗೆ ತಾಪತ್ರಯ. ಪವಿತ್ರ ಹೊಸ ಸೊಸೆಯಾಗಿ ಬಂದು ಮಾಡಿದ ಮೊದಲನೆಯ ಬಸ್ಸಾರನ್ನು ನೆಂಟರೆಲ್ಲ ಹೊಗಳುತ್ತಿರುವಾಗ "ಉಪ್ಪು ಜಾಸ್ತಿ ಆಗ್ಯದೆ" ಎಂದು ಪಂಕ್ತಿಯ ನಡುವೆ ಹೇಳಿಬಿಟ್ಟ ಮಹಾರಾಯ. ಹರಾಜು ಕಟ್ಟೆಯಲ್ಲಿ ತನ್ನದೇ ಸೊಪ್ಪಿನ ಬೇಲಿನ ಅಡಿ ತೇವವಾಗಿದೆ ಎಂದು ಕೊಳ್ಳುವವನಿಗೆ ತಾನೇ ತೋರಿಸಿಕೊಟ್ಟು ಊರಿನವರಿಂದ ಬೈಸಿಕೊಂಡವನು. ಸುಳ್ಳು ಹೇಳಲೇಬೇಕಾದ ಪ್ರಸಂಗ ಬಂದರೆ ಕಣ್ಣು ತಪ್ಪಿಸಿ ಸೂರಿನ ಕಡೆ ನೋಡುತ್ತಿದ್ದ. ಅರ್ಧ ಮಾತು ಆಡುವಷ್ಟರಲ್ಲಿ ತಡೆಯಲಾರದೆ ನಿಜವನ್ನೇ ಒದರುತ್ತಿದ್ದ. ಇಪ್ಪತ್ತು ವರ್ಷ ಪವಿತ್ರ ಇದನ್ನು ಆಡಿಕೊಂಡು ನಕ್ಕಿದ್ದಳು, ಒಳಗೊಳಗೇ ಹೆಮ್ಮೆಯನ್ನೂ ಪಟ್ಟಿದ್ದಳು.

ಹೋದ ವರ್ಷ ಸೊಪ್ಪು ಬೇಯಿಸುವ ಕಾಲದಲ್ಲಿ ಮಹೇಂದ್ರ ಬ್ಯಾರನ್ನಿನ ಒಲೆಯ ಮುಂದೆ ಕುಸಿದು ಬಿದ್ದ. ಮೈಸೂರಿನ ಆಸ್ಪತ್ರೆಯಿಂದ ಜೀವವೇನೋ ವಾಪಸ್ಸು ಬಂತು. ಬಲಗೈ, ಬಲಗಾಲು, ಮಾತು ಬರಲಿಲ್ಲ. ಬಾಯಲ್ಲಿ ಉಳಿದಿದ್ದು "ಆ" ಎನ್ನುವ ಒಂದು ಸದ್ದು ಮಾತ್ರ. ಕೇಳಿದ್ದಕ್ಕೆ ಹೌದು, ಅಲ್ಲ ಎಂದು ತಲೆಯಾಡಿಸುತ್ತಿದ್ದ, ಅದೂ ಮನಸ್ಸು ಬಂದರೆ. ಕೈಗೆ ದಿನಾ ಕೆಲಸ ಕೊಡಬೇಕು, ಕೊಡದಿದ್ದರೆ ಅದು ಹಾಗೇ ಸೆಟೆದುಕೊಂಡು ಬಿಡುತ್ತದೆ, ಆಮೇಲೆ ಯಾರೂ ಏನೂ ಮಾಡಲಾಗದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆದರೆ ಮಹೇಂದ್ರ ಗೋಡೆಯ ಕಡೆ ತಿರುಗಿ ಮಲಗಿದ. ಪವಿತ್ರ ಚೆಂಡು ಕೊಟ್ಟಳು, ರಬ್ಬರು ಕೊಟ್ಟಳು, ಕೊನೆಗೆ ಅತ್ತಳು. ಮೈಸೂರಿನ ಹಾಸ್ಟೆಲಿನಿಂದ ಬಂದ ಮಗಳು ಸೌಂದರ್ಯ ಅಪ್ಪನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬೇಡಿಕೊಂಡಳು. ಅವನು ಕಣ್ಣು ಮುಚ್ಚಿಕೊಂಡ.

ಆಗ ಬಂದವನು ಚಲುವರಾಜು. ಮಹೇಂದ್ರನ ಜೊತೆ ಶಾಲೆಗೆ ಹೋದವನು, ಈಗ ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಬಣ್ಣದ ಮೀನಿನ ಅಂಗಡಿ ಇಟ್ಟವನು. ಒಂದು ದಿನ ಗೂಡ್ಸ್ ಆಟೋದಲ್ಲಿ ಮೊಣಕೈಯುದ್ದದ ಗಾಜಿನ ತೊಟ್ಟಿಯನ್ನೂ ಅದರೊಳಗೆ ಬಿಡಲು ಒಂದೇ ಒಂದು ಮೀನನ್ನೂ ಹೊತ್ತು ತಂದ. ಅದು ಫ್ಲವರ್‌ಹಾರ್ನ್ ಜಾತಿಯದು. ಕೆಂಡದ ಬಣ್ಣ, ಹಣೆಯ ಮೇಲೆ ಇಷ್ಟು ದಪ್ಪ ಬುಗುಟು. ಯಾರೋ ಸಾಹುಕಾರರು ಮನೆಗೆ ಅದೃಷ್ಟ ಬರಲೆಂದು ಕೊಂಡಿದ್ದರಂತೆ. ಅದೃಷ್ಟ ಬರಲಿಲ್ಲವೆಂದು ಮೀನನ್ನು ಅಂಗಡಿಗೇ ತಂದು ಬಿಟ್ಟಿದ್ದರಂತೆ. ಅತ್ತೆ ಪುಟ್ಟತಾಯಮ್ಮ ಅದರ ತಲೆಯನ್ನು ನೋಡಿ "ಇದ್ಯಾರಪ್ಪ ಇವ್ನು ಬುಗುಟಪ್ಪ, ಬಾಗ್ಲಿಗೆ ತಲೆ ಒಡ್ಕೊಂಡ್ ಬಂದವ್ನೆ" ಎಂದಳು. ಹೆಸರು ಅಲ್ಲಿಗೇ ನಿಂತಿತು.

"ಇದು ಬಿಸಿ ದೇಶದ ಜೀವ ಕಣಕ್ಕ, ನೀರು ತಣ್ಣಗಾದ್ರೆ ತಡೆಯಲ್ಲ. ಈ ಹೀಟ್ರು ಸದಾ ಒಳಗಿರ್ಬೇಕು. ಕೆಂಪು ದೀಪ ಹತ್ತಿದ್ರೆ ಕಾಯಿಸ್ತಾ ಅದೆ ಅಂತ, ಆರಿದ್ರೆ ಸಾಕಾಯ್ತು ಅಂತ" ಎಂದು ಚಲುವರಾಜು ಪವಿತ್ರಳಿಗೆ ತೋರಿಸಿಕೊಟ್ಟ. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದ. "ನಿಮ್ದು ಸೊಪ್ಪಿನ ಮನೆ. ನೀರಿಗೆ ಕೈ ಹಾಕೋಕ್ ಮುಂಚೆ ಚೆನ್ನಾಗಿ ತೊಳ್ಕೊಳ್ಳಿ."

ಪವಿತ್ರ ಆ ಮಾತನ್ನು ಒಂದು ದಿನವೂ ಮೀರಲಿಲ್ಲ. ಹಂಡೆಯ ಬಿಸಿನೀರಿನಲ್ಲಿ ಮೊಣಕೈ ತನಕ ತಿಕ್ಕಿ ತೊಳೆದ ಮೇಲೆಯೇ ಮೀನಿಗೆ ತಿಂಡಿ.

ಆ ಬುಗುಟಪ್ಪನಿಗೆ ಒಂದು ಅಭ್ಯಾಸವಿತ್ತು. ಗಾಜಿನ ಮೇಲೆ ಬೆರಳಿಟ್ಟರೆ ಓಡಿ ಬಂದು ಬೆರಳಿಗೆ ಮೂತಿಯಿಟ್ಟು ನಿಲ್ಲುತ್ತಿದ್ದ. ಬೆರಳು ಸರಿದರೆ ತಾನೂ ಸರಿಯುತ್ತಿದ್ದ, ಬೆರಳು ನಿಂತರೆ ಸಿಟ್ಟು ಮಾಡಿಕೊಂಡು ಬಾಲ ಬಡಿಯುತ್ತಿದ್ದ. ಚಲುವರಾಜು ಆಡಿಸಿದ್ದನ್ನು ಮಹೇಂದ್ರ ಓರೆಗಣ್ಣಿನಲ್ಲಿ ನೋಡಿದ್ದ. ಮಾರನೆಯ ದಿನ ಪವಿತ್ರ ಮುದ್ದೆ ತಂದಾಗ ಅವನ ಮುಖ ಗೋಡೆಯ ಕಡೆ ಇರಲಿಲ್ಲ. ಮಡಿಲಲ್ಲಿ ಸತ್ತಂತೆ ಬಿದ್ದಿರುತ್ತಿದ್ದ ಬಲಗೈಯ ತೋರುಬೆರಳು ಮೀನಿನ ಜೊತೆ ಆಚೆ ಈಚೆ ಅಲುಗುತ್ತಿತ್ತು. ಅವಳು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು.

ದಿನ ಹೋದಂತೆ ಕೈ ಮಡಿಲಿನಿಂದ ಮಂಚದ ಅಂಚಿಗೆ ಬಂತು, ಮಂಚದ ಅಂಚಿನಿಂದ ತೊಟ್ಟಿಯ ಬುಡಕ್ಕೆ. ಗಾಜಿನ ಕೆಳಗಿನ ಮೂಲೆಯಲ್ಲಿ ಅವನ ಬೆರಳು, ಒಳಗೆ ಆ ಬುಗುಟು ತಲೆ. ಬೆಳಗಿನಿಂದ ಸಂಜೆಯವರೆಗೆ ಇಬ್ಬರದೂ ಅದೇ ವ್ಯವಹಾರ. ಎದೆಗಿಂತ ಮೇಲೆ ಮಾತ್ರ ಕೈ ಏಳುತ್ತಿರಲಿಲ್ಲ. ಏಳುತ್ತದೆ ಎಂದು ಪವಿತ್ರ ನಂಬಿದ್ದಳು.

ಅಷ್ಟರಲ್ಲಿ ಕಾರ್ತೀಕದ ಚಳಿ ಬಿತ್ತು, ಕರೆಂಟಿನ ಬಿಲ್ಲೂ ಬಂತು.

ಮನೆ ಎರಡು ಪಾಲಾಗಿ ವರ್ಷಗಳಾಗಿದ್ದರೂ ಮಾವ ನಿಂಗಯ್ಯನ ಕಾಲದ ಮೀಟರು ಒಂದೇ ಉಳಿದಿತ್ತು. ಆಚೆ ಪಾಲಿನಲ್ಲಿ ಭಾವ ನಂಜಣ್ಣ, ಈಚೆ ಪಾಲಿನಲ್ಲಿ ಇವರು. ಹಳೆಯ ಬಳಕೆ ನೋಡಿ ಸರ್ಕಾರ ಒಂದು ಗೆರೆ ಎಳೆದಿತ್ತು, ಅದರೊಳಗೆ ಇದ್ದರೆ ಕರೆಂಟು ಪುಕ್ಕಟೆ. ತಿಂಗಳು ತಿಂಗಳೂ ಸೊನ್ನೆ ಬಿಲ್ಲು ಬಂದು ರೂಢಿಯಾಗಿದ್ದ ಮನೆಗೆ ಆ ತಿಂಗಳು ಲೆಕ್ಕದ ಚೀಟಿ ಬಂದದ್ದು ಹೆಣ ಬಂದಷ್ಟು ಗಲಾಟೆ ಎಬ್ಬಿಸಿತು.

"ಮೀನು ಬಿಸ್ನೀರ್ ಕಾಯಿಸ್ಕೊಂಡ್ ಸ್ನಾನ ಮಾಡೋ ಮನೆ ಆಗೋಯ್ತಲ್ಲವ್ವ ನಮ್ದು" ಎಂದು ನಂಜಣ್ಣ ಅಂಗಳದಲ್ಲಿ ನಿಂತು ಚೀಟಿ ಬೀಸಿದ.

"ಆ ಕಾಸು ನಾನೇ ಕಟ್ತೀನಿ ಬುಡಿ ಭಾವ."

"ಕಾಸಿನ್ ಮಾತಲ್ಲ ಕಣವ್ವ ಪವಿತ್ರ. ಪದೇ ಪದೇ ಗೆರೆ ದಾಟುದ್ರೆ ಪುಕ್ಸಟ್ಟೆ ಕೊಡಾದ್ನೇ ನಿಲ್ಲಿಸ್ಬುಡ್ತಾರಂತೆ. ಊರೆಲ್ಲ ಅಂತಾವ್ರೆ."

ಊರೆಲ್ಲ ಅನ್ನುವುದೆಲ್ಲ ನಿಜವಾಗಬೇಕಿಲ್ಲ. ಆದರೆ ನಂಜಣ್ಣ ನಂಬಿದ್ದ, ಅವನನ್ನು ಬಗ್ಗಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಇಬ್ಬರು ಮಕ್ಕಳ ನಡುವೆ ಸಿಕ್ಕಿಕೊಂಡ ಪುಟ್ಟತಾಯಮ್ಮ ಕೊನೆಗೆ ತೀರ್ಮಾನ ಕೊಟ್ಟಳು. "ಅವ್ನೂ ನನ್ ಹೊಟ್ಟೆಲಿ ಹುಟ್ಟಿದವ್ನೆ, ಇವ್ನೂ ನನ್ ಹೊಟ್ಟೆಲಿ ಹುಟ್ಟಿದವ್ನೆ. ಸಂಕ್ರಾಂತಿ ತಂಕ ನೋಡವ. ಅಷ್ಟ್ರೊಳಗೆ ಮೊದ್ಲಿನಂಗೆ ಸೊನ್ನೆ ಬಿಲ್ಲು ಬರ್ನಿಲ್ಲ ಅಂದ್ರೆ ಬುಗುಟಪ್ಪ ಅಂಗಡಿಗೆ ವಾಪಸ್ ಓಯ್ತನೆ."

ಪವಿತ್ರ ಒಳಗೆ ಹೋಗಿ ಹೀಟರಿನ ಕೆಂಪು ದೀಪವನ್ನು ನೋಡುತ್ತ ಕುಳಿತಳು. ಆ ದೀಪ ಆರಿದಷ್ಟು ಹೊತ್ತು ಗಂಡನ ಕೈ ತನ್ನದು, ಹತ್ತಿದಷ್ಟು ಹೊತ್ತು ಅದು ಕೈಬಿಟ್ಟು ಹೋಗುತ್ತಿದೆ ಎಂದು ಅವಳಿಗೆ ಅನ್ನಿಸಿಬಿಟ್ಟಿತು. ಅಂದಿನಿಂದ ಆ ದೀಪಕ್ಕೂ ಅವಳಿಗೂ ಜಿದ್ದು.

ಮೊದಲು ಕಂಡದ್ದು ತೊಟ್ಟಿಯ ತೆರೆದ ಬಾಯಿ. ಬಚ್ಚಲ ಹಂಡೆಗೆ ಮುಚ್ಚಳ ಹಾಕದಿದ್ದರೆ ನೀರು ಉಳಿಯುತ್ತದೆಯೇ? ಚಲುವರಾಜುವಿಗೆ ಫೋನು ಮಾಡಿ ಗಾಜಿನ ಮುಚ್ಚಳ ಕತ್ತರಿಸಿ ತರಿಸಿದಳು. ವೈರು ಒಳಗಿಳಿಯಲು ಒಂದು ಮೂಲೆಯಲ್ಲಿ ಮಾತ್ರ ಸಂದು. ಅವನೇ ಮೀನು ತರುವ ಡಬ್ಬಿಗಳ ಥರ್ಮೋಕೋಲನ್ನೂ ಕೊಟ್ಟ. ಅದನ್ನು ಕುಯ್ದು ತೊಟ್ಟಿಯ ಅಡಿಗೆ, ಹಿಂದಕ್ಕೆ, ಎರಡೂ ಪಕ್ಕಕ್ಕೆ ಒತ್ತಿ ಅಂಟಿಸಿದಳು. ಆಮೇಲೆ ಪಡಸಾಲೆಯಲ್ಲಿದ್ದ ತೊಟ್ಟಿಯನ್ನೂ ಮಂಚವನ್ನೂ ಬಚ್ಚಲಿಗೆ ಅಂಟಿಕೊಂಡ ಒಳಕೋಣೆಗೆ ಸಾಗಿಸಿದಳು. ಬೆಳಿಗ್ಗೆ ಸಂಜೆ ಹಂಡೆಯ ಒಲೆ ಉರಿದರೆ ಆ ಗೋಡೆ ಬೆಚ್ಚಗಿರುತ್ತಿತ್ತು, ಗಂಡನಿಗೂ ಮೀನಿಗೂ ಒಂದೇ ಬಿಸಿ. ಹೀಟರಿನ ತಿರುಗಣೆಯನ್ನು ದಿನಕ್ಕಿಷ್ಟೇ ಇಷ್ಟು ಹಿಂದಕ್ಕೆ ತಿರುಗಿಸಿದಳು. ಚಲುವರಾಜು "ಅಲ್ಲಿಗೆ ಸಾಕು ಕಣಕ್ಕ, ಅದಕ್ಕಿಂತ ಕೆಳಕ್ ಬೇಡ" ಅಂದ ಕಡೆ ನಿಲ್ಲಿಸಿದಳು. ಮುಂದಿನ ಬಿಲ್ಲು ಇಳಿಯಿತು. ಗೆರೆಯ ಒಳಗೆ ಮಾತ್ರ ಬರಲಿಲ್ಲ, ಕೂದಲೆಳೆಯಷ್ಟು ಆಚೆ ನಿಂತಿತು. ನಂಜಣ್ಣನೂ ಚೀಟಿ ನೋಡಿ "ಪರವಾಗಿಲ್ವೆ, ನಮ್ಮ ಪವಿತ್ರ ಗಟ್ಟಿಗಿತ್ತಿ" ಎಂದ. ಗಟ್ಟಿಗಿತ್ತಿ ಎನ್ನಿಸಿಕೊಂಡು ಅವಳು ಉಬ್ಬಿದ್ದೂ ನಿಜ.

ಉಳಿದದ್ದು ಮುಂದಿನ ಗಾಜು. ಅದಕ್ಕೆ ಥರ್ಮೋಕೋಲು ಅಂಟಿಸುವ ಹಾಗಿಲ್ಲ, ಅದು ಮಹೇಂದ್ರನ ಕಿಟಕಿ. ಕತ್ತಲಾದ ಮೇಲೆ ಮುಚ್ಚಿದರೆ ಯಾರಿಗೂ ನಷ್ಟವಿಲ್ಲ ಎಂದು ಹಳೆಯ ಬೆಡ್‌ಶೀಟು ಹೊದಿಸಿ ನೋಡಿದಳು, ತೆಳುವಾಯಿತು. ಕಂಬಳಿ ಇದ್ದದ್ದು ಒಂದೇ, ಅದು ಗಂಡನ ಮೈಮೇಲೆ.

ಸಂಕ್ರಾಂತಿ ಹತ್ತಿರವಾಯಿತು. ಮಾಗಿಯ ಚಳಿ ಆ ವರ್ಷ ಮೂಳೆಗೆ ಇಳಿಯುವಂತಿತ್ತು. ಬಿಲ್ಲಿನವನು ಇವತ್ತೋ ನಾಳೆಯೋ ಅನ್ನುವ ಒಂದು ಸಂಜೆ ಹೀಟರಿನ ದೀಪ ಹತ್ತಿದ್ದು ಆರಲೇ ಇಲ್ಲ. ಪವಿತ್ರ ಅಡುಗೆಮನೆಗೂ ಒಳಕೋಣೆಗೂ ಓಡಾಡಿದಳು. ಬಂದಾಗಲೆಲ್ಲ ಆ ಕೆಂಪು ಕಣ್ಣು ಅವಳನ್ನೇ ನೋಡುತ್ತಿತ್ತು. ತಡೆಯಲಾರದೆ ಸೊಪ್ಪು ಇಡುವ ಕೊಟ್ಟಿಗೆಗೆ ಹೋದಳು. ಹರಾಜಿನಲ್ಲಿ ಯಾರೂ ಕೇಳದೆ ವಾಪಸ್ಸು ಬಂದ ಬೇಲೊಂದನ್ನು ಬಿಚ್ಚಿ ಹಾಕಿದ್ದರು, ಅದರ ಗೋಣಿತಾಟು ಮೂಲೆಯಲ್ಲಿ ಮಡಿಚಿಟ್ಟಿತ್ತು. ಒಳ್ಳೆ ದಪ್ಪ ತಾಟು. ರಾಗಿ ಮೊಳಕೆ ಬರಿಸುವುದಕ್ಕೆ, ಬಾಳೆಗೊನೆ ಹಣ್ಣು ಮಾಡುವುದಕ್ಕೆ, ಎಳೆಗರುವಿನ ಬೆನ್ನಿಗೆ, ಆ ಸೀಮೆಯಲ್ಲಿ ಬೆಚ್ಚಗಿಡಬೇಕಾದ ಯಾವುದಕ್ಕೂ ಅದೇ ಹೊದಿಕೆ. ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು. ಅಂಗಳದಲ್ಲಿ ಎರಡು ಸಲ ಕೊಡವಿದಳು. ಕೈಯನ್ನು ಮರೆಯದೆ ತೊಳೆದುಕೊಂಡಳು.

ತೊಟ್ಟಿಯ ಮೇಲೆ, ಮುಂದೆ, ಸುತ್ತಲೂ ತಾಟನ್ನು ಹೊದಿಸಿ ಕೂಸಿಗೆ ಹೊದಿಸಿದಂತೆ ಅಂಚು ಒತ್ತಿದಳು. ವೈರಿನ ಸಂದಿನಲ್ಲಿ ತಾಟಿನ ಒಂದು ಮೂಲೆ ಒಳಗಿಳಿದು ನೀರಿಗೆ ತಾಗಿದ್ದು ಅವಳಿಗೆ ಕಾಣಲಿಲ್ಲ. ಅವಳು ತಾಟಿನ ಮುಂದಿನ ಅಂಚನ್ನು ಇಷ್ಟೇ ಎತ್ತಿ ನೋಡುತ್ತಿದ್ದದ್ದು ಹೀಟರಿನ ತುದಿಯ ದೀಪವನ್ನು. ಸ್ವಲ್ಪ ಹೊತ್ತಿಗೆ ಅದು ಆರಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿರುವಾಗ ಹಿಂದಿನಿಂದ "ಆ! ಆ!" ಎಂದು ಕೇಳಿತು. ತಿರುಗಿದಳು. ಮಹೇಂದ್ರ ಮಂಚದ ಮೇಲೆ ಅರ್ಧ ಎದ್ದಿದ್ದ. ಅವನ ಬಲಗೈ ಎದೆಯನ್ನು ದಾಟಿ, ಹೆಗಲನ್ನು ದಾಟಿ, ಗಾಳಿಯಲ್ಲಿ ನಡುಗುತ್ತ ಮುಂದಕ್ಕೆ ಚಾಚಿತ್ತು.

ಪವಿತ್ರಳಿಗೆ ತನ್ನ ಕಣ್ಣನ್ನು ನಂಬಲಾಗಲಿಲ್ಲ. "ಅತ್ತೇ! ಬನ್ನಿ ಇಲ್ಲಿ! ಕೈ ಎತ್ತವ್ರೆ ನೋಡಿ, ಕೈ ಎತ್ತವ್ರೆ!" ಎಂದು ಕೂಗಿದಳು. ಪುಟ್ಟತಾಯಮ್ಮ ಓಡಿಬಂದು ನೋಡಿ ಬಾಗಿಲಲ್ಲೇ ಕುಸಿದು ಅತ್ತಳು. ಮತ್ತೆ ಎದ್ದು ಉಪ್ಪು ಮೆಣಸಿನಕಾಯಿ ತಂದು ಮಗನಿಗೆ ನೀವಾಳಿಸಿ ಒಲೆಗೆ ಹಾಕಿದಳು. ಮಹೇಂದ್ರ ಒಂದೇ ಸಮನೆ "ಆ, ಆ" ಅನ್ನುತ್ತಿದ್ದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಹೆಂಗಸರಿಬ್ಬರೂ ಅದನ್ನು ಸಂತೋಷದ ನೀರು ಎಂದುಕೊಂಡು ತಾವೂ ಅತ್ತರು. ಎಷ್ಟು ದಿನದ ಮೇಲೆ ಆ ಮನೆಯಲ್ಲಿ ಅಂಥ ಸಂತೋಷ!

"ಸಾಕು ಕಣ್ರೀ, ಇವತ್ತಿಗೆ ಸಾಕು, ಸುಸ್ತಾಯ್ತದೆ" ಎಂದು ಪವಿತ್ರ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ಬಗ್ಗಲಿಲ್ಲ. ಅವಳು ನಗುತ್ತ, ಮುದ್ದಿನಿಂದ, ಬಲವಂತವಾಗಿ ಬಗ್ಗಿಸಿ ಕಂಬಳಿಯೊಳಗೆ ಸೇರಿಸಿದಳು. "ಬುಗುಟಪ್ಪನೂ ಮನೀಕ್ಕೊಂಡ, ನೀವೂ ಮನೀಕ್ಕಳಿ. ನಾಳೆ ಎತ್ತುವ್ರಂತೆ" ಎಂದು ಕೋಣೆಯ ದೀಪ ಆರಿಸಿದಳು.

ಬೆಳಿಗ್ಗೆ ತಾಟು ತೆಗೆದಾಗ ಮೀನು ತಳದಲ್ಲಿ ಪಕ್ಕಕ್ಕೆ ಬಿದ್ದಿತ್ತು. ಕೆಂಡದ ಬಣ್ಣ ಹೋಗಿ ಬೂದಿಯಾಗಿತ್ತು. ರಾತ್ರಿ ಒಂದಷ್ಟು ಹೊತ್ತು ಕರೆಂಟು ಹೋಗಿತ್ತಂತೆ. ಚಳಿಗೇ ಸತ್ತಿತು ಎಂದು ಪುಟ್ಟತಾಯಮ್ಮ ಅಂದಳು, ಹೌದು ಚಳಿಗೇ ಎಂದು ನಂಜಣ್ಣನೂ ಬಂದು ನೋಡಿ ಅಂದ. ಸಪ್ಪಗಾಗಿದ್ದ ಅವನು ತಾನೇ ಹಿತ್ತಲಿನಲ್ಲಿ ನುಗ್ಗೆ ಮರದ ಬುಡದಲ್ಲಿ ಗುಂಡಿ ತೋಡಿದ. ಪವಿತ್ರಳೂ ಕರೆಂಟಿನವರನ್ನು ಬಾಯಿಗೆ ಬಂದಂತೆ ಬೈದಳು. ಮಹೇಂದ್ರ ಗೋಡೆಯ ಕಡೆ ತಿರುಗಿ ಮಲಗಿದ್ದ.

ಆಮೇಲೆ ಅವಳು ತಾಟನ್ನು ಬಿಸಿಲಿಗೆ ಹಾಕಲು ಎತ್ತಿಕೊಂಡು ಹೋದಳು. ಒಂದು ಮೂಲೆ ಒದ್ದೆಯಾಗಿ ತೂಗುತ್ತಿತ್ತು. ಹಿಂಡಿದಳು. ಬೆರಳ ಸಂದಿಯಿಂದ ಕಡುಗಂದು ನೀರು ಇಳಿಯಿತು. ಆ ನೀರು ಅವಳಿಗೆ ಹೊಸದಲ್ಲ. ಅವರೆ ಗಿಡಕ್ಕೆ ಹುಳ ಬಿದ್ದರೆ ಸೊಪ್ಪಿನ ದಂಟು ನೆನೆಸಿ ಬಸಿದು ಹೊಡೆಯುತ್ತಿದ್ದದ್ದು ಅದೇ ನೀರು. ಹೊಡೆಯುತ್ತಿದ್ದವನು ಮಹೇಂದ್ರ, ಬಸಿದು ಕೊಡುತ್ತಿದ್ದವಳು ಅವಳು. ಒಳಗೆ ಹೋಗಿ ತೊಟ್ಟಿಯ ನೀರನ್ನು ಬೆಳಕಿಗೆ ನೋಡಿದಳು. ಕಾಫಿ ಲೋಟ ತೊಳೆದ ನೀರಿನ ಬಣ್ಣ.

ಹಿತ್ತಲಿಗೆ ಹೋಗಿ ಚಲುವರಾಜುವಿಗೆ ಫೋನು ಮಾಡಿದಳು. "ಸೊಪ್ಪಿನ ನೀರು ಬಿದ್ರೆ ಏನಾಯ್ತದೆ?"

"ಒಂದ್ ಲೋಟ ಸಾಕು ಕಣಕ್ಕ, ತೊಟ್ಟಿ ಪೂರಾ ಹೋಯ್ತದೆ. ಯಾಕಕ್ಕ?"

ಅವಳು ಫೋನು ಇಟ್ಟಳು. ಆಗ ನೆನಪಾದದ್ದು ಮೀನಲ್ಲ, ಆ ಕೈ. ಅದು ಚಾಚಿದ್ದು ಅವಳ ಕಡೆಗಲ್ಲ, ಅತ್ತೆಯ ಕಡೆಗಲ್ಲ. ಬೆರಳು ತೋರಿದ್ದು ತಾಟನ್ನು. ಇಷ್ಟು ತಿಂಗಳು ಏಳದ ಕೈಯನ್ನು, ಇರುವ ಶಕ್ತಿಯನ್ನೆಲ್ಲ ಹಾಕಿ ಅವನು ಎತ್ತಿದ್ದು ಅದನ್ನು ತೆಗೆ ಎನ್ನುವುದಕ್ಕೆ. ಅವಳು ನಕ್ಕಿದ್ದಳು. ಅದನ್ನು ಬಗ್ಗಿಸಿ ಒಳಗೆ ಹಾಕಿದ್ದಳು. ಪವಿತ್ರ ನುಗ್ಗೆ ಮರಕ್ಕೆ ಒರಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಹಬ್ಬದ ಮಾರನೆಯ ದಿನ ಬಿಲ್ಲಿನವನು ಬಂದ. ಸೊನ್ನೆ ಬಿಲ್ಲು. ನಂಜಣ್ಣ ಅದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಒಳಗೆ ಬರಲು ಅವನಿಗೆ ಮುಖವಿರಲಿಲ್ಲ. "ಇನ್ನೊಂದ್ ಮೀನ್ ತತ್ತೀನಿ ಕಣವ್ವ, ಬಿಲ್ಲು ಬಂದ್ರೆ ಬರ್ಲಿ ಬುಡು" ಎಂದ. ಅವನೇ ಚಲುವರಾಜುವಿನ ಅಂಗಡಿಗೆ ಹೋಗಿ ಅದೇ ಜಾತಿಯ ಎಳೆ ಮೀನನ್ನು ತಂದ. ಪವಿತ್ರ ತೊಟ್ಟಿಯನ್ನು ತೊಳೆದ ಮೇಲೂ ತೊಳೆದು ನೀರು ತುಂಬಿಸಿದಳು. ಹೊಸ ಮೀನು ಚೆನ್ನಾಗಿಯೇ ಇತ್ತು, ಬೆರಳಿಗೆ ಬರುವುದನ್ನೂ ಕಲಿಯಿತು. ಕಲಿತದ್ದು ಪವಿತ್ರಳ ಬೆರಳಿಗೆ. ಮಹೇಂದ್ರನ ಕೈ ಮಡಿಲಿಂದ ಏಳಲಿಲ್ಲ. ಶಿವರಾತ್ರಿಯ ಹೊತ್ತಿಗೆ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಡಾಕ್ಟರು ನೋಡಿ ಚೀಟಿ ಬರೆದರು.

ಒಂದು ಮಧ್ಯಾಹ್ನ ಪವಿತ್ರ ಬಿಸಿನೀರಿನ ಬಟ್ಟಲಲ್ಲಿ ಆ ಕೈಯಿಟ್ಟು, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆಯುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಯಾರಿಗೂ ಹೇಳದೆ ಹೊತ್ತುಕೊಂಡಿದ್ದ ಮಾತು ಬಾಯಿಗೆ ಬಂದೇಬಿಟ್ಟಿತು.

"ಒಂದ್ ಮಾತ್ ಕೇಳ್ತೀನಿ, ನಿಜ ಹೇಳ್ಬೇಕು. ಅವತ್ತು ಕೈ ಎತ್ತಿದ್ರಲ್ಲ. ಆ ತಾಟು ತೆಗಿ ಅಂತ ತಾನೆ ನೀವು ಎತ್ತಿದ್ದು?"

ಮಹೇಂದ್ರ ಅವಳ ಮುಖವನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಅವನು ಕಣ್ಣು ತಪ್ಪಿಸಿ, ಮೇಲೆ ಸೂರಿನ ಕಡೆ ನೋಡುತ್ತ, ಅಲ್ಲ ಎಂದು ತಲೆಯಾಡಿಸಿದ.

ಅಷ್ಟು ವರ್ಷ ಬಾಳಿದವಳಿಗೆ ಆ ನೋಟ ಗೊತ್ತಿತ್ತು. ಅವಳು ಕಾದಳು. ಎಂದಿನಂತೆ ಅರ್ಧದಲ್ಲಿ ತಡೆಯಲಾರದೆ ನಿಜಕ್ಕೆ ತಿರುಗುತ್ತಾನೆ ಎಂದು ಕಾದಳು. ಅವನು ತಿರುಗಲಿಲ್ಲ. ಸೂರನ್ನೇ ನೋಡುತ್ತ ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ, ಅಲ್ಲ ಎಂದು ತಲೆಯಾಡಿಸಿದ. ಮಹೇಂದ್ರ ತನ್ನ ಬದುಕಿನಲ್ಲಿ ಕೊನೆಮುಟ್ಟ ಹೇಳಿದ ಸುಳ್ಳು ಅದೊಂದೇ.

"ಸರಿ ಬುಡಿ" ಎಂದಳು ಪವಿತ್ರ. ಬಟ್ಟಲಿನ ನೀರು ಆರಿತ್ತು. ಕೈಯನ್ನು ಸೆರಗಿನಲ್ಲಿ ಒರೆಸಿ ಕಂಬಳಿಯೊಳಗೆ ಇಟ್ಟಳು.